ಐದು ಗಂಟೆಯ ಕೂಲಿ

ಗಾಡಿಕೊಪ್ಪ ದಾಟಿದರೆ ನನ್ನ ಸಿಮೆಂಟ್ ಬ್ಲಾಕಿನ ಅಂಗಳ:
ಒಂದು ಯಂತ್ರ, ಎರಡು ಕೈಗಾಡಿ,
ಬ್ಯಾಂಕಿನ ಸಾಲ ತೀರಿ ಮೂರು ವರ್ಷ.
ಹಿಂದೆ ನಾನೂ ಬಾಂಡಲಿ ಹೊತ್ತವಳೇ.
ನೆತ್ತಿ ಮುಟ್ಟಿದರೆ ಸಿಂಬಿಯ ಗುರುತು ಸಿಗುತ್ತದೆ.

ಆ ಭಾನುವಾರ ಪಾಸ್ಟರು ದ್ರಾಕ್ಷಿತೋಟದ ಸಾಮ್ಯ ಹೇಳಿದರು.
ಬೆಳಗ್ಗೆ ಬಂದವನಿಗೂ ಹೊತ್ತಿಳಿದು ಬಂದವನಿಗೂ ಒಂದೇ ಕೂಲಿ.
ನನಗೆ ಕಂಡದ್ದು ಬರೀ ಕಾಲುಗಳು,
ಯಾರೂ ಕರೆಯದೆ ಸಂಜೆತನಕ ನಿಂತವರ ಕಾಲುಗಳು.

ಸೋಮವಾರ ಐದಕ್ಕೆ ಕೂಲಿಕಟ್ಟೆಗೆ ಟೆಂಪೋ ಬಿಟ್ಟೆ.
ಉಳಿದಿದ್ದವರು ಇಬ್ಬರು:
ಮಣಿಕಟ್ಟು ಸೊಟ್ಟಗೆ ಕೂಡಿಕೊಂಡ ಹನುಮವ್ವ,
ಮಾತಿಗೆ ಮುಂಚೆ ಕೆಮ್ಮುವ ಕಾಸೀಂಸಾಬ್.
ಒಂದು ಗಂಟೆ ಬ್ಲಾಕಿಗೆ ನೀರು ಹಾಯಿಸಿದರು.
ಆವತ್ತು ಬ್ಲಾಕಿನ ಲೆಕ್ಕ ಬಿಟ್ಟು
ಎಲ್ಲರಿಗೂ ಏಳುನೂರು ಎಣಿಸಿದೆ.
ಎಂಟಕ್ಕೇ ಬಂದಿದ್ದ ದ್ಯಾವಮ್ಮ
ನೋಟನ್ನು ಎರಡು ಸಲ ಎಣಿಸಿ, ಮಡಿಸಿ, ಮಾತಾಡದೆ ಹೋದಳು.

ಮಂಗಳವಾರ ಬೆಳಗ್ಗೆ ಅಂಗಳದಲ್ಲಿ ನಾನು, ಯಂತ್ರ, ಒಂದು ನಾಯಿ.
ನಾಲ್ಕೂವರೆಗೆ ಗೇಟಿನ ಬಳಿ ಒಂಬತ್ತು ಜನ, ತಲೆ ಬಾಚಿಕೊಂಡು:
"ಎಸ್ತೇರಕ್ಕಾ, ಇವತ್ತೂ ಅದೇ ರೇಟಾ?"

ನಕ್ಕೆ. ಆರ್ಡರು ತಪ್ಪಿತು.
ರಾತ್ರಿ ಲೆಕ್ಕದ ಪುಸ್ತಕ ಬಿಡಿಸಿ ಕೂತವಳು
ದೇವರ ಹತ್ತಿರ ಜಗಳಕ್ಕೇ ಇಳಿದೆ:
ಕರ್ತನೇ, ಈ ರೇಟನ್ನು ನಾನು ಬೈಯಲಾರೆ.
ನಮ್ಮಪ್ಪ ದುಡಿದ ಮನೆಯಲ್ಲಿ ರೇಟಿರಲಿಲ್ಲ;
ಹಿತ್ತಿಲ ಬಾಗಿಲಲ್ಲಿ ನಿಂತು, ಸುರಿದಷ್ಟಕ್ಕೆ ಸೆರಗೊಡ್ಡುತ್ತಿದ್ದಳು ಅವ್ವ.
ಬ್ಲಾಕಿಗಿಷ್ಟು ಎಂದು ಮೊದಲ ಸಲ ಕೈಗೆ ಬಂದ ದುಡ್ಡು
ನೀನು ಯಾರ ಮಗಳು ಎಂದು ಕೇಳಲಿಲ್ಲ.
ಆವತ್ತೇ ಚಪ್ಪಲಿ ಕೊಂಡೆ.
ಅದೇ ಮನೆಯ ಮುಂದೆ ಮೆಟ್ಟಿಕೊಂಡು ನಡೆದೆ.

ಯಾರ ಮಗಳೆಂದು ಕೇಳದ ರೇಟು
ಕೈ ಯಾಕವ್ವ ಸೊಟ್ಟ ಎಂದೂ ಕೇಳುವುದಿಲ್ಲ.
ತಲಾಂತನ್ನು ಹೂತಿಟ್ಟ ಆ ಪುಕ್ಕಲನನ್ನು ನಾನೂ ಬೈದವಳು,
ಒಂದು ಮಿಕ್ಸರಾದರೂ ಕೊಳ್ಳಬಾರದಿತ್ತೇ ಅಂತ.
ಈಗ ಅನಿಸುತ್ತದೆ, ಆ ಗುಂಡಿ ತೋಡಿದ್ದು ಯಾರು?
ಅವರಿಗೆ ಕೂಲಿ ಸಿಕ್ಕಿತೇ?

ಶನಿವಾರ ದ್ಯಾವಮ್ಮ ಬಾಯಿಬಿಟ್ಟಳು:
"ಅವಳಿಗೆ ಕೊಟ್ಟೆ ಅಂತಲ್ಲ ಸಿಟ್ಟು.
ನನ್ನ ಒಂಬತ್ತು ಗಂಟೆ ನಿನ್ನ ಕಣ್ಣಿಗೆ ಬೀಳಲಿಲ್ಲವಲ್ಲ."

ಈಗ ಮತ್ತೆ ಬ್ಲಾಕಿಗಿಷ್ಟು; ದ್ಯಾವಮ್ಮನಿಗೆ ಎಂಟಾಣೆ ಜಾಸ್ತಿ.
ಹನುಮವ್ವ ದಿನಾ ನೀರು ಹಾಯಿಸುತ್ತಾಳೆ,
ಅವಳ ಹೆಸರಿನ ಮುಂದೆ ಬ್ಲಾಕಿನ ಲೆಕ್ಕವಿಲ್ಲ.
ಕಾಸೀಂಸಾಬ್ ಮಳೆಗಾಲದ ಮೇಲೆ ಕಾಣಿಸಿಲ್ಲ.
ನಾನು ಹುಡುಕಿಕೊಂಡೂ ಹೋಗಿಲ್ಲ.

ಮಾರ್ಚಿನಲ್ಲಿ ಆಡಿಟರು ಕೇಳುತ್ತಾರೆ,
ಈ ಖರ್ಚು ಯಾವುದರಲ್ಲಿ ಹಾಕಲಿ?
ನೀರು ಅಂತ ಬರೆಯಿರಿ ಸಾರ್, ಎನ್ನುತ್ತೇನೆ.