ತೂಕದ ಚೀಟಿ

ಚಾಕಣದಿಂದ ತಳೇಗಾಂವಿಗೆ ಹೋಗುವ ರಸ್ತೆಯಲ್ಲಿ
ಹದಿನೆಂಟು ಮೀಟರಿನ ಕಬ್ಬಿಣದ ಹಾಸು.
ಪಕ್ಕದ ಗೂಡಿನಲ್ಲಿ ನಾನು,
ಒಂದು ಪರದೆ, ಒಂದು ಪ್ರಿಂಟರು, ಕಿಟಕಿಯ ಕೆಳಗೆ ಬೆಕ್ಕು.
ಲಾರಿ ಹತ್ತುತ್ತದೆ. ಅಂಕಿ ಕುಣಿದು ನಿಲ್ಲುತ್ತದೆ.
ಚೀಟಿ ಹರಿದು ಕೊಡುತ್ತೇನೆ.
ಏನು ಹೊತ್ತಿರೆಂದು ಕೇಳುವುದಿಲ್ಲ,
ಎಷ್ಟು ಎಂಬುದಷ್ಟೇ ನನ್ನ ಕಸುಬು.

ಅಪ್ಪ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ,
ಆಳಂದದ ಕಡೆಯವನು.
ಬೆನ್ನಿಗೆ ಗೋಣಿತಟ್ಟು, ನಡುವಿಗೆ ಉಕ್ಕಿನ ಕೊಕ್ಕೆ.
ನಸುಕಿನಲ್ಲಿ ಅರ್ಧ ರೊಟ್ಟಿ ತಿಂದು, ಉಳಿದರ್ಧ
ಅಲ್ಯುಮಿನಿಯಂ ಡಬ್ಬಿಗೆ ಹಾಕುತ್ತಿದ್ದ:
“ಹೊರಾಂವ ಹೊಟ್ಟಿ ತುಂಬ ಉಣಬಾರದವ್ವಾ,
ರೊಟ್ಟಿನೂ ಚೀಲದ ಲೆಕ್ಕಕ್ಕ ಬರ್ತದ.”

ಆ ಮಾತು ನೆನಪಾದದ್ದು
ಮುಗ್ಧಾ ಪಾಟಣಕರ್ ತನ್ನ ಮೊದಲ ಲಾರಿ ತಂದ ದಿನ.
ಹೊಗೆಯಿಲ್ಲ, ಸದ್ದಿಲ್ಲ, ಬೆಕ್ಕು ಏಳಲೂ ಇಲ್ಲ.
ಬ್ಯಾಟರಿಯೇ ನಾಲ್ಕು ಟನ್ನು.
“ನಾಲ್ಕು ಟನ್ ಸರಕು ಇಳಿಸಿ
ನಾಲ್ಕು ಟನ್ ರೊಟ್ಟಿ ಹೇರಿದಂತಾಯ್ತಲ್ಲ” ಎಂದೆ.
ಅವಳು ನಗಲಿಲ್ಲ. ಬರೆದುಕೊಂಡಳು.

ಡೀಸೆಲ್ ಲಾರಿ ಘಾಟಿ ಇಳಿದು
ನ್ಹಾವಾಶೇವಾ ಮುಟ್ಟಿ ಬರುವಷ್ಟರಲ್ಲಿ
ಎಣ್ಣೆ ಉರಿದಷ್ಟೂ ಹಗುರ.
ಇದು ಹಾಗಲ್ಲ.
ತುಂಬಿದ ಕೊಡ ತುಳುಕುವುದಿಲ್ಲ, ಸರಿ,
ಬರಿಗೊಡವೂ ಅಷ್ಟೇ ಭಾರವೆಂದರೆ?

ಎರಡನೆಯ ಸಲ ಜಲಜನಕ ತಂದಳು.
ಗಾಳಿಗಿಂತ ಹಗುರ, ಬಿಟ್ಟರೆ ಮುಗಿಲಿಗೇ ಓಟ.
ಹಿಡಿದಿಡಲು ದಪ್ಪ ಗೋಡೆಯ ಉರುಟು ಕೋಣೆಗಳು:
ಮೂವತ್ತು ಕಿಲೋ ಕೈದಿಗೆ
ಐದುನೂರು ಕಿಲೋ ಜೈಲು.
ಖರಾತ್ ಕಾಕಾ ಹಚ್ಚದ ಬೀಡಿಯನ್ನು
ಬಾಯಲ್ಲಿಟ್ಟುಕೊಂಡೇ ಬಂದರಿಗೆ ಹೋಗಿ ಬಂದ.

ಮೂರನೆಯದು ನಿನ್ನೆ, ನಸುಕಿನ ನಾಲ್ಕಕ್ಕೆ.
ಪೆಟ್ಟಿಗೆ ತೆರೆದು ತೋರಿಸಿದಳು, ಸಾಲು ಸಾಲು ತಗಡು,
ಅಪ್ಪನ ಡಬ್ಬಿಯದೇ ಲೋಹ, ಅದೇ ಮಂಕು ಬಿಳುಪು.
“ನೂರು ಕಿಲೋ ಅಷ್ಟೇ.
ಬೇಕಾದ ಉಳಿದದ್ದು ದಾರಿಯಲ್ಲೇ ಸಿಗುತ್ತದೆ.”
ಮೇಲೆ ಪರೀಕ್ಷೆಯ ಸಿಮೆಂಟು ದಿಮ್ಮಿ, ಸರಪಳಿ, ಅರಗಿನ ಮುದ್ರೆ.
೩೨೪೨೦.

ರಾತ್ರಿ ಒಂಬತ್ತಕ್ಕೆ ತಿರುಗಿ ಬಂತು.
ಅದೇ ದಿಮ್ಮಿ, ಒಡೆಯದ ಮುದ್ರೆ.
೩೨೫೦೦.

ನಾನು ಅನುಮಾನದ ಕಸುಬಿನವಳು.
ಖಂಡಾಳ್ಯದಲ್ಲಿ ಯಾರನ್ನು ಹತ್ತಿಸಿಕೊಂಡೆ ಕಾಕಾ?
ಗಾಲಿಯ ಕೆಸರು ಕೆರೆಸಿದೆ,
ಟಾರ್ಪಾಲಿನಡಿ ಟಾರ್ಚು ಬಿಟ್ಟೆ,
ಹಾಸನ್ನು ಸೊನ್ನೆಗೆ ತಂದು ಮತ್ತೊಮ್ಮೆ ಹತ್ತಿಸಿದೆ.
೩೨೫೦೦.
ಕಾಕಾ ಪಾಂಡುರಂಗನ ಆಣೆ ಇಟ್ಟ.

ಮುಗ್ಧಾ ಈಗ ನಕ್ಕಳು. ಮೂರು ರಾತ್ರಿಯ ನಿದ್ದೆಗೆಟ್ಟ ನಗು.
“ದಾರಿಯುದ್ದಕ್ಕೂ ಉಸಿರೆಳೆದಿದೆ, ಅಕ್ಕಾ.
ಎಳೆದದ್ದನ್ನು ಬಿಟ್ಟಿಲ್ಲ.”

ಪೆಟ್ಟಿಗೆಯೊಳಗೆ ತಗಡಿನ ಬದಲು
ಬೆಳ್ಳಗೆ ಗಂಜಿಯಂಥದ್ದು.
ಇದನ್ನು ಮರಳಿ ತಗಡು ಮಾಡಲು
ಎಲ್ಲೋ ಒಂದು ಕುಲುಮೆ ಉರಿಯಬೇಕು,
ಅದಕ್ಕೆ ಬೇರೆ ಕರೆಂಟು, ಬೇರೆ ಲಾರಿ.
ಲೆಕ್ಕ ಮುಗಿದಿಲ್ಲ ಎಂದು ಅವಳೇ ಹೇಳಿದಳು.

ನನಗೆ ಮಾತ್ರ ನಮ್ಮ ಮನೆಯ ಹಲಗೆ ನೆನಪಾಯಿತು.
ಬೆಳಿಗ್ಗೆ ಅಪ್ಪ ಕೂತೆದ್ದರೆ ಸುಮ್ಮನಿರುವ ಹಲಗೆ
ಸಂಜೆ ಬಂದು ಕೂತರೆ ಕಿರುಗುಟ್ಟುತ್ತಿತ್ತು.
ನೂರಾರು ಚೀಲ ಇಳಿಸಿ, ಬರಿಗೈಲಿ ಬಂದವನು.
“ಏನ್ ತಿಂದ್ ಬಂದಿ?” ಅವ್ವ ಕೇಳುತ್ತಿದ್ದಳು.
“ಗಾಳಿ.”
ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತ ಹೇಳುತ್ತಿದ್ದ.

ಚೀಟಿಯಲ್ಲಿ ‘ಸರಕು’ ಎಂಬ ಒಂದು ಗೆರೆಯಿದೆ.
ಖಾಲಿ ಬಿಡುವುದೇ ವಾಡಿಕೆ.
ನಿನ್ನೆ ಪೆನ್ನು ತೆಗೆದೆ,
ತೆಗೆದು ಹಾಗೇ ಕೂತೆ.
ಹಿಂದೆ ಉಕ್ಕಿನ ಸುರುಳಿ ಹೊತ್ತ ಟ್ರೇಲರಿನವನು
ಹಾರ್ನ್ ಮೇಲೆ ಹಾರ್ನ್ ಬಾರಿಸುತ್ತಿದ್ದ.