ಹಯಾತಿ ಪತ್ರ

ಖಜಾನೆ ಕಚೇರಿಯ ಯಂತ್ರ ಮೂರು ಸಲ ಒಲ್ಲೆ ಅಂದಿತು.
ಹೆಬ್ಬೆಟ್ಟನ್ನು ಅಂಗಿಗೆ ಒರೆಸಿ, ಉಗುಳು ಹಚ್ಚಿ
ಮತ್ತೆ ಒತ್ತಿದ ಮಶಾಕಸಾಬ.
ಗೆರೆ ಎಲ್ಲಿಂದ ಬರಬೇಕು?
ಹುಡುಗನಿದ್ದಾಗ ಶಹಾಬಾದಿನ ಫರಸಿ ಖಣಿಯಲ್ಲಿ
ಅಪ್ಪನ ಜೋಡಿ ಕಲ್ಲು ಉಜ್ಜಿದ ಬೆರಳು.
ಆಮೇಲೆ ಐವತ್ತು ವರ್ಷ ಸಫೇದಾ ಕಲಸಿ,
ನಸುಕಿನಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ
ರಾಜರನ್ನೆಲ್ಲ ಒರೆಸಿ ಒಗೆದ ಬೆರಳು.

ಗುಮಾಸ್ತ ತಲೆ ಎತ್ತಿದ, ನಕ್ಕ:
"ಅಜ್ಜಾರ, ನೀವು ಸತ್ತು ಎರಡು ವರ್ಷ ಆತಲ್ರಿ!
ನಮ್ಮ ಮನ್ಯಾಗ ದಿನಾ ಏಳೂವರಿಗೆ ನೋಡತಾರ."

ಖರೆ ಅದ.
ಧಾರಾವಾಹಿಯ ದೊಡ್ಡ ಮನೆಯ ಗೋಡೆಯ ಮೇಲೆ
ಗಂಧದ ಹಾರ ಹಾಕಿಕೊಂಡು ತೂಗುತ್ತಿದ್ದಾನೆ.
ಮೂವರು ಸೊಸೆಯರು ಅಳುವುದು ಇವನ ಮುಂದೆಯೇ,
ಸಂಚು ಹೂಡುವುದೂ ಇವನ ಮುಂದೆಯೇ.
ಒಂದೇ ದಿನ ಕರೆಸಿದ್ದರು, ಒಂದೇ ದಿನದ ಪಗಾರ.
ಇಷ್ಟು ಉದ್ದದ ಪಾರ್ಟು ಯಾವ ಕಂಪನಿಯೂ ಕೊಟ್ಟಿರಲಿಲ್ಲ.

ನಾನು ರೇವಣಪ್ಪ. ಕಂಪನಿಯಲ್ಲಿ ಮಾತು ಎತ್ತಿಕೊಡುವವನು.
ಪರದೆ ಪಕ್ಕದ ಕತ್ತಲಲ್ಲಿ ಲಾಟೀನು ಇಟ್ಟುಕೊಂಡು
ಇಪ್ಪತ್ತೊಂಬತ್ತು ವರ್ಷ ಎಲ್ಲರಿಗೂ ಪಿಸುಗುಟ್ಟಿದೆ.
ಇವನೊಬ್ಬನಿಗೆ ಬೇಕಾಗಲಿಲ್ಲ.
ನಿಜಾಮನ ಕಾಲದ ಉರ್ದು ಸಾಲೆ ಕಲಿತವ,
ಕನ್ನಡದ ಮಾತನ್ನೆಲ್ಲ ಉರ್ದು ಅಕ್ಷರದಲ್ಲಿ ಬರೆದುಕೊಂಡು
ಬಲದಿಂದ ಎಡಕ್ಕೆ ಬಾಯಿಪಾಠ ಮಾಡುತ್ತಿದ್ದ.
ಭೀಮನ ಗರ್ಜನೆ ಆ ವಹಿಯೊಳಗೆ ನನಗೆ
ಮಳೆ ಮುಂಚಿನ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು.

ಇನ್ನೊಂದು ವಿದ್ಯೆ ಇತ್ತು ಅವನಲ್ಲಿ:
ಎಡಗಣ್ಣಿಂದ ಮಾತ್ರ ಅಳುತ್ತಿದ್ದ. ಜನರ ಕಡೆಗಿನ ಕಣ್ಣು.
ನನ್ನ ಕಡೆಗಿನ ಬಲಗಣ್ಣು ಬೇಸಿಗೆಯ ಕಾಗಿಣಾ ಹೊಳೆ.
ಸೇಡಂ ಕ್ಯಾಂಪಿನಲ್ಲಿ, ಮಗನ ಹೆಣ ಮಡಿಲಲ್ಲಿಟ್ಟುಕೊಂಡು,
ಆ ಒಣಗಣ್ಣು ಹೊಡೆದು
ಚಾ ಹೇಳು ಅಂತ ಸನ್ನೆ ಮಾಡಿದ ಹರಾಮಿ.
ಹೊರಗೆ ಹೆಂಗಸರು ಸೆರಗು ಕಚ್ಚಿ ಬಿಕ್ಕುತ್ತಿದ್ದರು.

ಸಿನೆಮಾಕ್ಕೂ ಹೋದ. ಮದ್ರಾಸಿನಲ್ಲಿ ಹನ್ನೊಂದು ಚಿತ್ರ.
ಹವಾಲ್ದಾರ, ಪೂಜಾರಿ,
"ನನ್ನ ಕೈ ಮೀರಿತು" ಎಂದು ಕನ್ನಡಕ ತೆಗೆಯುವ ಡಾಕ್ಟರು.
ನಮ್ಮ ಕಡೆಯ ಕನ್ನಡ ಅವರ ಕಿವಿಗೆ ಹೆಟ್ಟಿತಂತೆ,
ಬಾಯಿ ಇವನದು ಇಟ್ಟುಕೊಂಡು
ದನಿ ಬೇರೆ ಯಾರದೋ ಹಾಕಿದರು.

ಶಹಾಬಾದಿನ ಟಾಕೀಸಿಗೆ ಮೊದಲ ದಿನ
ಖಣಿಗೆ ಖಣಿಯೇ ಬಂದಿತ್ತು, ಬೆಲ್ಲ ಹಂಚಿದರು.
ಇವನ ಅಪ್ಪನನ್ನು ಮುಂದಿನ ಬೆಂಚಿಗೆ ಕೂಡಿಸಿದ್ದರು.
ಕಲ್ಲಿನ ಧೂಳಿಗೆ ಕಣ್ಣು ಹೋಗಿ ಆರು ವರ್ಷವಾಗಿದ್ದ ಮುದುಕ
ಪರದೆಗೆ ಕಿವಿಗೊಟ್ಟು ಮುಗಿಯುವ ತನಕ ಕೂತಿದ್ದ.
ದೀಪ ಹತ್ತಿದ ಮೇಲೆ ಕೇಳಿದ:
"ನಮ್ಮ ಮಶಾಕ ಬರೋದು ಯಾವಾಗ?"

ಅದರ ಮುಂದಿನ ಹಂಗಾಮಿಗೆ ಕಂಪನಿಗೆ ಮರಳಿದ.
ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ.

"ಜೀವ ಅದ ಅನ್ನಲಿಕ್ಕೆ ಏನರ ಪುರಾವೆ ತರ್ರಿ ಅಜ್ಜಾರ."
ಸರದಿಯವರು ಕತ್ತು ಚಾಚಿದರು.
ಮಶಾಕಸಾಬ ಕುರ್ಚಿ ಸರಿಸಿ ಎದ್ದ.
ಈಗ ದುರ್ಯೋಧನ ಬರುತ್ತಾನೆ,
ಈ ಫ್ಯಾನು, ಈ ಫೈಲು ನಡುಗುತ್ತವೆ ಅಂದುಕೊಂಡೆ.
ಬಾಯಿ ತೆರೆದ.
ಏನೂ ಬರಲಿಲ್ಲ.
ಮೆಲ್ಲಗೆ ತಿರುಗಿ
ನನ್ನ ಕಡೆ ನೋಡಿದ, ಮೊದಲನೇ ಸಲ.

ನನ್ನ ಕೈಯಲ್ಲಿ ಪುಸ್ತಕ ಇರಲಿಲ್ಲ.
ತೋಚಿದ್ದನ್ನು ಪಿಸುಗುಟ್ಟಿದೆ:
ಮಶಾಕಸಾಬ, ತಂದೆ ಲಾಡ್ಲೇಸಾಬ, ಸಾಕಿನ್ ಶಹಾಬಾದ.

ಅಂದ. ಕೊನೆಯ ಬೆಂಚಿಗೆ ಮುಟ್ಟುವ ಹಾಗೆ,
ಖಣಿಯ ಕನ್ನಡದಲ್ಲಿ,
ತನ್ನದೇ ದನಿಯಲ್ಲಿ ಅಂದ.

ಕಿರುಬೆರಳು ಇಡಿಸಿ ನೋಡ್ರಿ ಅಂದರು ಯಾರೋ.
ಹಸಿರು ದೀಪ ಹತ್ತಿತು.

ಹೊರಗೆ ಗಾಡಿಯ ಬಳಿ ತಹರಿ ತಿನ್ನುವಾಗ
ಮೆಣಸಿನಕಾಯಿ ಖಾರ ಅದ ಅಂತ ಕಣ್ಣೊರೆಸಿಕೊಂಡ.
ನಾನು ಅವನ ಬಲಕ್ಕೆ ಕೂತಿದ್ದೆ.