ನಡುವಿನ ಮಾಳಿಗೆಗಳು

ಚನಮಲ್ಲ ಮಾಮಾ ಮೂವತ್ತೊಂದು ವರ್ಷ
ನರಿಮನ್ ಪಾಯಿಂಟಿನ ಸರಕಾರಿ ಕಟ್ಟಡದಲ್ಲಿ ಲಿಫ್ಟು ನಡೆಸಿದ.
ಸ್ಟೂಲಿನ ಮೇಲೆ ಕೂತೇ
ಅಕ್ಕಲಕೋಟೆಗೆ ನೂರು ಸಲ ಹೋಗಿಬರುವಷ್ಟು ದೂರ,
ಮೇಲೆ ಕೆಳಗೆ, ಮೇಲೆ ಕೆಳಗೆ.

"ಎಡ ಬಲ ನನಗ ಗೊತ್ತಿಲ್ಲವ್ವಾ" ಅನ್ನುತ್ತಾನೆ,
"ನನ್ನ ಡ್ಯೂಟಿಯೊಳಗ ಇದ್ದದ್ದು ಎರಡೇ ದಿಕ್ಕು."

ಗೊತ್ತಿತ್ತು ಅವನಿಗೆ. ಹಿತ್ತಾಳೆಯ ಹಿಡಿಕೆ ತಿರುಗಿಸಿದ್ದು ಎಡಗೈ,
ಸಲಾಮಿಗೆ ಬಲಗೈ.
ಇನ್ನು ನಮ್ಮ ಕನ್ನಡವೋ, ಮೊದಲೇ ಒಂದು ಕಡೆ ವಾಲಿದ್ದು:
ಬಲ ಅಂದರೆ ಬಲ,
ಎಡ ಅಂದರೆ ಎಡವಿದ ಕಾಲು.
ಇದನ್ನು ಹೇಳಿದಾಗ ಮಾಮಾ ನಗಲಿಲ್ಲ.
ಗಿರಣಿ ಬಂದಾದ ವರ್ಷ ಅವನಪ್ಪ ಎಡವಿದ್ದು
ಎಡಕ್ಕಲ್ಲ, ಬಲಕ್ಕಲ್ಲ,
ನೇರ ಕೆಳಕ್ಕೆ.

ದತ್ತಾರಾಮ ಪೆಡ್ಣೇಕರ ಮೊದಲ ಸಲ ಬಂದದ್ದು ಮೆಟ್ಟಿಲು ಹತ್ತಿ.
ಬೆನ್ನಿಗೆ ನಾನೂರು ಜನ, ಕೆಂಪು ಬಾವುಟ, ಬೆವರು.
ಏಳನೇ ಮಾಳಿಗೆ ನೆಲಕ್ಕಿಳಿಯಲಿ! ಎಂದು ಕೂಗಿದಾಗ
ಲಿಫ್ಟಿನ ಕಬ್ಬಿಣದ ಜಾಲರಿ ಝಣಗುಟ್ಟಿತಂತೆ,
ಮಾಮನಿಗೆ ಸ್ಟೂಲು ಬಿಟ್ಟು ಏಳಬೇಕೆನಿಸಿತಂತೆ.
ಆರು ವರ್ಷಕ್ಕೆ ಅದೇ ಮನುಷ್ಯ ಮಂತ್ರಿಯಾಗಿ ಲಿಫ್ಟಿಗೆ ಬಂದ.
ಹೆಸರು ಹಿಡಿದು ಮಾತಾಡಿಸಿ, ಮೊಣಕಾಲು ನೋವು ವಿಚಾರಿಸಿದ.
ಆಮೇಲೆ, ತುಸು ನಾಚಿಕೊಂಡೇ, ಸಣ್ಣದೊಂದು ಕೀಲಿ ಮುಂದೆ ಹಿಡಿದ.
ಅದನ್ನು ತಿರುಗಿಸಿದರೆ ನಡುವಿನ ಮಾಳಿಗೆಗಳ ಗಂಟೆ
ಲಿಫ್ಟಿನೊಳಗೆ ಕೇಳಿಸುವುದಿಲ್ಲ.
"ಜನರ ಕೆಲಸ, ಚನಮಲ್ಲ. ತಡವಾಗಬಾರದು."

ಅವನು ಹೋದ. ವಿನಾಯಕ ಫಾಟಕ ಬಂದ.
ಹಣೆಗೆ ಕುಂಕುಮ, ಬಾಯಲ್ಲಿ ಒಂದೇ ಮಾತು:
ಅಂಗಡಿಯಿಂದ, ಹೊಲದಿಂದ ಸರಕಾರ ಕೈ ತೆಗೆಯಲಿ,
ಅರ್ಧ ಕಡತ ಸುಟ್ಟರೂ ಮಹಾರಾಷ್ಟ್ರ ಮುಳುಗುವುದಿಲ್ಲ.
ದೀಪಾವಳಿಗೆ ಎಲ್ಲರಿಗೂ ಮಿಠಾಯಿ ಡಬ್ಬಿ ಕೊಟ್ಟ,
ಮಾಮನನ್ನು ಕೊನೆಯವರೆಗೂ "ಏ ಲಿಫ್ಟ್" ಎಂದೇ ಕರೆದ.
ಎರಡನೇ ತಿಂಗಳಿಂದ ಜಿಲ್ಲೆಜಿಲ್ಲೆಯ ಕಡತ
ಗೋಣಿಚೀಲದಲ್ಲಿ ಏಳನೇ ಮಾಳಿಗೆಗೆ ಏರತೊಡಗಿತು.
ಲಾತೂರಿನ ಶಾಲೆಯ ಗಂಟೆ, ಚಂದ್ರಪುರದ ಬಾವಿಯ ಹಗ್ಗ,
ಎಲ್ಲಕ್ಕೂ ಒಂದೇ ಸಹಿ.
ಕೀಲಿ ಅದೇ. ಪೋಣಿಸಿದ ದಾರ ಮಾತ್ರ ಬೇರೆ ಬಣ್ಣ.
"ದೇಶದ ಕೆಲಸ. ನಡುವೆ ನಿಲ್ಲಿಸಬೇಡ."

ಇಬ್ಬರೂ ಒಂದೇ ಅಂತೀಯಾ ಮಾಮಾ? ಕೇಳಿದೆ.
ಸಿಟ್ಟಿಗೆದ್ದ. "ಒಂದ ಹ್ಯಾಂಗ ಆಗ್ತಾರ?
ಒಬ್ಬಾಂವ ನನ್ನ ಮೊಣಕಾಲು ಕೇಳಿದಾಂವ."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಆದ್ರ ನಾಕನೇ ಮಾಳಗಿ ಮುದುಕಿ..." ಎಂದ.

ನಾಲ್ಕರಲ್ಲಿ ಪಿಂಚಣಿ ವಿಭಾಗ.
ಗುಂಡಿ ಒತ್ತಿ ನಿಂತಿರುತ್ತಿದ್ದಳಂತೆ.
ಲಿಫ್ಟು ಏರುವಾಗ ಜಾಲರಿಯ ಸಂದಿನಲ್ಲಿ
ಮೊದಲು ಅವಳ ಚಪ್ಪಲಿ, ಆಮೇಲೆ ಕೈಚೀಲ, ಆಮೇಲೆ ಮುಖ,
ಆಮೇಲೆ ಗೋಡೆ.
ಎರಡು ಸರಕಾರ, ಅದೇ ಚಪ್ಪಲಿ.

ಕೊನೆಯ ವರ್ಷ ಹೊಸ ಲಿಫ್ಟು ಬಂತು, ಉಕ್ಕಿನದು,
ಒಳಗೆ ಆಳೆತ್ತರದ ಕನ್ನಡಿ. ಸ್ಟೂಲಿಗೆ ಜಾಗವಿಲ್ಲ.
ಮಾಮಾ ಒಬ್ಬನೇ ಇದ್ದಾಗ ಎಡಗೈ ಎತ್ತಿ ನೋಡಿದ.
ಕನ್ನಡಿಯವನ ಬಲಗೈ ಎದ್ದಿತು.
ತಲೆ ಮಾತ್ರ ತಲೆಯ ಜಾಗದಲ್ಲೇ, ಕಾಲು ಕಾಲಿನ ಜಾಗದಲ್ಲೇ.
"ಅದನ್ನ ಅದಲಿ ಬದಲಿ ಮಾಡೂದು
ಯಾವ ಕನ್ನಡಿಗೂ ಬರೂದಿಲ್ಲ ನೋಡು."

ಈಗ ಚುನಾಭಟ್ಟಿಯ ಚಾಳು. ಮೂರು ಮಾಳಿಗೆ, ಲಿಫ್ಟಿಲ್ಲ.
ನೀರಿನ ಜಗಳ ಮುಗಿಯದೆ,
ಪಕ್ಷವಿಲ್ಲದ ಮನುಷ್ಯ ಎಂದು ಎಲ್ಲರೂ ಸೇರಿ
ವಾಲ್ವಿನ ಕೀಲಿಯನ್ನು ಮಾಮನಿಗೆ ಒಪ್ಪಿಸಿದ್ದಾರೆ.
ಮೊದಲ ವಾರ ಬಾಗಿಲ ಮೊಳೆಗೆ ತೂಗಹಾಕಿದ್ದ,
ಬೇಕಾದವರು ತಗೊಳ್ಳಲಿ ಎಂದು.
ಮೊನ್ನೆ ಹೋದಾಗ ಮೊಳೆ ಖಾಲಿ.
ಮೇಲಿನ ಕಟಾಂಜನದಲ್ಲಿ ಖೈರುನ್ನಿಸಾ ಕೊಡ ಬಡಿಯುತ್ತಿದ್ದಳು.
ಕೀಲಿ ಎಲ್ಲಿ, ನಾನೇ ತಿರುಗಿಸಿ ಬರುತ್ತೇನೆ, ಅಂದೆ.

ಉಡದಾರ ಮುಟ್ಟಿಕೊಂಡ.
"ಬ್ಯಾಡ. ನಿನಗ ತಿಳಿಯೂದಿಲ್ಲ. ನಾನ ಹೋಗ್ತೀನಿ."
ಮೊಣಕಾಲಿಗೆ ಕೈಯೂರಿ ಏಳತೊಡಗಿದ, ನಿಧಾನ.
ಮೇಲೆ ಕೊಡದ ಸದ್ದು
ನಡೆದೇ ಇತ್ತು.